ವಯಸ್ಕರಿಗೂ ಬೇಕು ಒಕಿನಾವಾದ ಕರಾಟೆ

ಮಾನ್ಯ ಸಂಪಾದಕರೇ,

ಕರಾಟೆ ಎಂದೊಡನೆ ಪತ್ರಿಕೆಗಳಲ್ಲಿ ಮಕ್ಕಳು ಗೆದ್ದ ಪದಕಗಳ ಸುದ್ದಿಯೇ ಬರುತ್ತದೆ. 42ನೇ ವಯಸ್ಸಿನಲ್ಲಿ ಜಪಾನಿನ ಒಕಿನಾವಾ ದ್ವೀಪದ ಸಾಂಪ್ರದಾಯಿಕ ಕರಾಟೆಯನ್ನೂ ಅದರ ಜೊತೆಗಿನ ಆಯುಧವಿದ್ಯೆಯಾದ ಕೊಬುಡೊವನ್ನೂ ಕಲಿಯತೊಡಗಿದ ನನಗೆ, ಈ ವಿದ್ಯೆಯ ಇನ್ನೊಂದು ಮುಖದತ್ತ ಓದುಗರ ಗಮನ ಸೆಳೆಯಬೇಕೆನಿಸಿದೆ.

ಅಲ್ಲಿನ ಶುರಿ, ನಾಹಾ, ತೊಮಾರಿ ಎಂಬ ಊರುಗಳಲ್ಲಿ ಬೆಳೆದ ಈ ಕಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರಾಟೆ ಗುರು ಇತೊಸು ಆಂಕೊ ಅವರ ಪ್ರಯತ್ನದಿಂದ ಒಕಿನಾವಾದ ಶಾಲೆಗಳನ್ನು ಪ್ರವೇಶಿಸಿತು. ಅದಕ್ಕೂ ಮುನ್ನ ಗುರುಗಳು ಇದನ್ನು ಆಯ್ದ ಕೆಲವೇ ಶಿಷ್ಯರಿಗೆ ಹೇಳಿಕೊಡುತ್ತಿದ್ದರು. ಅಲ್ಲಿ ಅಂಕಗಳ ಲೆಕ್ಕವಿರಲಿಲ್ಲ.

ಸಾಂಚಿನ್ ಎಂಬ ಕಟಾದಲ್ಲಿ, ಅಂದರೆ ನಿಗದಿತ ಚಲನೆಗಳ ಸರಣಿಯಲ್ಲಿ, ಪಾದಗಳನ್ನು ತುಸು ಒಳಕ್ಕೆ ತಿರುಗಿಸಿ, ಉಸಿರನ್ನು ಕಿಬ್ಬೊಟ್ಟೆಗಿಳಿಸಿ, ನಿಧಾನವಾಗಿ ಹೆಜ್ಜೆಯಿಡಬೇಕು. ಗುರುಗಳು ಭುಜ, ಬೆನ್ನು, ತೊಡೆಗಳನ್ನು ತಟ್ಟಿ ಎಲ್ಲಿ ಬಿಗಿ ಸಡಿಲವಾಗಿದೆ ಎಂದು ನೋಡುತ್ತಾರೆ. ಇದಕ್ಕೆ ಬೇಕಾದ ತಾಳ್ಮೆ ನಡುವಯಸ್ಸಿನವರಲ್ಲೇ ಹೆಚ್ಚು ಎಂಬುದು ನನ್ನ ಅನುಭವ. ತ್ರಿಶೂಲವನ್ನು ಹೋಲುವ, ಸಾಯ್ ಎಂಬ ಕಬ್ಬಿಣದ ಆಯುಧವನ್ನು ಹೆಬ್ಬೆರಳ ಆಸರೆಯಲ್ಲಿ ತಿರುಗಿಸಿ ಮುಂಗೈಗೆ ಒರಗಿಸುವುದನ್ನು ಕಲಿಯಲು ನನಗೆ ತಿಂಗಳುಗಳೇ ಹಿಡಿದವು, ಮುಂಗೈ ಕಂದಿಹೋಗಿತ್ತು. ಸುಮಾರು 180 ಸೆಂ.ಮೀ. ಉದ್ದದ ಬೊ ಎಂಬ ಕೋಲು ಅದಕ್ಕಿಂತ ಬೇಗ ಕೈಗೊಗ್ಗಿತು. ಕೊಬುಡೊ ಗುರು ತೈರಾ ಶಿಂಕೆನ್ ಅವರಂಥವರು ಸಂಗ್ರಹಿಸಿ ಉಳಿಸದಿದ್ದರೆ ಈ ಆಯುಧಗಳ ಎಷ್ಟೋ ಕಟಾಗಳು ನಮ್ಮವರೆಗೆ ತಲುಪುತ್ತಿರಲಿಲ್ಲ.

ನಾನು ಮೊದಲು ಸೇರಿದ ತರಬೇತಿ ಕೇಂದ್ರದಲ್ಲಿ ವಯಸ್ಕರನ್ನು ಮಕ್ಕಳ ಸಾಲಿನ ಹಿಂದೆ ನಿಲ್ಲಿಸಿ, ಅದೇ ಜಿಗಿತಗಳನ್ನು ಮಾಡಿಸುತ್ತಿದ್ದರು. ಮೊಣಕಾಲು ನೋವಿನಿಂದ ಹಲವರು ಬಿಟ್ಟುಹೋದರು. ಶಿಕ್ಷಕರು ವಯಸ್ಕರಿಗೆಂದೇ ಪ್ರತ್ಯೇಕ ಸಮಯ ಮೀಸಲಿಡಬೇಕು, ತಮ್ಮ ಪತ್ರಿಕೆಯೂ ಇಂಥ ಕಲಿಕೆಯ ಬಗ್ಗೆ ಬರೆಯಬೇಕು ಎಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ