ಟೇಪ್ ಎಸೆಯುವ ಮೊದಲು ಅದರ ದನಿ ಕೇಳಿಸಿಕೊಳ್ಳಿ

ಮಾನ್ಯರೇ,

ನಮ್ಮ ಮನೆಯ ಒಂದು ವಿಡಿಯೊದಲ್ಲೂ ನನ್ನ ಗಂಡ ಕಾಣುವುದಿಲ್ಲ. ಕ್ಯಾಮೆರಾ ಯಾವಾಗಲೂ ಅವರ ಹೆಗಲ ಮೇಲೇ ಇರುತ್ತಿತ್ತು. 1991ರಿಂದ 2003ರವರೆಗೆ ಅವರು ತೆಗೆದ 43 ಟೇಪ್‌ಗಳಲ್ಲಿ ಮಕ್ಕಳಿದ್ದಾರೆ, ನಾನಿದ್ದೇನೆ, ನಮ್ಮ ಅತ್ತೆ ಇದ್ದಾರೆ, ಅಂಗಳದ ನಾಯಿ ಕೂಡ ಇದೆ. ಅವರು ಮಾತ್ರ ಬರೀ ದನಿ. ‘ಈ ಕಡೆ ನೋಡು’, ‘ಇನ್ನೊಂದ್ಸಲ ಹೇಳು, ಕೇಳಿಸಲಿಲ್ಲ’, ‘ಬೆಳಕಿಗೆ ಬಾ’. ಅವರು ಹೋಗಿ ಆರು ವರ್ಷವಾಯಿತು. ಅವರ ದನಿ ಈ ಟೇಪ್‌ಗಳಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ.

ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿಸೋಣ ಎಂದು ಮೊದಲು ಹತ್ತು ಟೇಪ್‌ಗಳನ್ನು ಇದೇ ಕೆಲಸ ಮಾಡುವವರಿಗೆ ಕೊಟ್ಟೆ. ಎರಡು ವಾರದ ನಂತರ ಪೆನ್‌ಡ್ರೈವ್ ಬಂತು. ಮೊದಲನೇ ಫೈಲ್ ತೆರೆದೆ. ಮಗಳು ಮೊದಲ ಸಲ ಸೈಕಲ್ ಓಡಿಸುವ ದೃಶ್ಯ. ಅವಳ ಬಾಯಿ ಆಡುತ್ತಿದೆ, ಆದರೆ ಮಾತಿಲ್ಲ. ಯಾವುದೋ ಕೊಳಲಿನ ಟ್ಯೂನ್ ಬರುತ್ತಿದೆ. ಫೋನ್ ಮಾಡಿ ಕೇಳಿದೆ. ‘ಹಳೇ ಸದ್ದು ಗೊರಗೊರ ಅಂತಿತ್ತು ಮೇಡಂ, ಅದಕ್ಕೆ ತೆಗೆದು ಮ್ಯೂಸಿಕ್ ಹಾಕಿದ್ವಿ’ ಎಂದರು. ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ, ನನಗೆ ಗೊತ್ತು. ಆದರೆ ನಾನು ಕೊಟ್ಟದ್ದೇ ಆ ಸದ್ದಿಗಾಗಿ. ಸೈಕಲ್ ಹಿಂದೆ ಓಡುತ್ತಾ ‘ಬಿಟ್ಟಿಲ್ಲ, ಹಿಡ್ಕೊಂಡಿದ್ದೀನಿ’ ಅಂತ ಸುಳ್ಳು ಹೇಳುತ್ತಿದ್ದ ಆ ದನಿಗಾಗಿ.

ಚಿತ್ರವೂ ಸರಿ ಇರಲಿಲ್ಲ. 4:3 ಅಳತೆಯಲ್ಲಿ ತೆಗೆದದ್ದನ್ನು ಈಗಿನ ಅಗಲದ ಟಿವಿಗೆ ತುಂಬಲಿ ಎಂದು ಎಳೆದುಬಿಟ್ಟಿದ್ದರು. ಎಲ್ಲರ ಮುಖವೂ ಅಡ್ಡಕ್ಕೆ ಉಬ್ಬಿತ್ತು. ಎರಡು ಗಂಟೆಯ ಟೇಪನ್ನು 700 ಎಂಬಿಯ ಫೈಲ್‌ಗೆ ಹಿಂಡಿದ್ದರು. ಕತ್ತಲ ದೃಶ್ಯಗಳೆಲ್ಲ ಚೌಕ ಚೌಕವಾಗಿ ಒಡೆದಿದ್ದವು.

ನನ್ನ ಪುಣ್ಯಕ್ಕೆ ಟೇಪ್‌ಗಳನ್ನು ವಾಪಸ್ ಕೇಳಿ ತಂದಿದ್ದೆ. ನನ್ನ ತಂಗಿ ಹಾಗೆ ಮಾಡಲಿಲ್ಲ. ಅವಳು ಬೇರೆ ಕಡೆ ಮಾಡಿಸಿದಳು. ಫೈಲ್ ಬಂತಲ್ಲ, ಇನ್ನು ಈ ಡಬ್ಬಗಳು ಯಾಕೆ ಎಂದು ಟೇಪ್‌ಗಳನ್ನೆಲ್ಲ ಎಸೆದುಬಿಟ್ಟಳು. ಈಗ ಅವಳ ಫೈಲ್‌ಗಳಲ್ಲಿ ಮೊದಲ ಹತ್ತು ನಿಮಿಷ ಮಾತು ತುಟಿಗೆ ಹೊಂದುತ್ತದೆ. ಕೊನೆಗೆ ಬರುವಷ್ಟರಲ್ಲಿ ಮಾತು ಎರಡು ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಚಿತ್ರ ಅಲ್ಲಲ್ಲಿ ಗಕ್ಕನೆ ಜಿಗಿಯುತ್ತದೆ. ಹೀಗೆ ಕಳೆದುಹೋದ ಚಿತ್ರಗಳನ್ನು ಮತ್ತೆ ತೆಗೆಯಲು ಮೂಲವೇ ಇಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಮನೆಯಲ್ಲಿ ಹಳೆ ವಿಡಿಯೊ ಟೇಪ್ ಇರುವ ಎಲ್ಲರಿಗೂ ನನ್ನ ಕೋರಿಕೆ ಒಂದೇ. ಕಂಪ್ಯೂಟರಿಗೆ ಹಾಕಿಸಿ, ಬೇಗ ಹಾಕಿಸಿ. ಆದರೆ ಪೂರ್ತಿ ನೋಡಿ, ಕೇಳಿ, ಸರಿಯಾಗಿದೆ ಎಂದು ಖಾತ್ರಿಯಾದ ಮೇಲೂ ಟೇಪನ್ನು ಎಸೆಯಬೇಡಿ.

ಬೇಗ ಎಂದು ಯಾಕೆ ಹೇಳುತ್ತೇನೆಂದರೆ, ಟೇಪ್‌ಗಿಂತ ಮೊದಲು ಅದನ್ನು ಓಡಿಸುವ ಯಂತ್ರ, ಅಂದರೆ ವಿಸಿಆರ್, ಸಾಯುತ್ತಿದೆ. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಎಂಬ ಈ ವಿಡಿಯೊ ಟೇಪ್ ಪದ್ಧತಿಯನ್ನು ಹೊರತಂದದ್ದು 1976ರಲ್ಲಿ. ನಲವತ್ತು ವರ್ಷಗಳ ಬಳಿಕ, 2016ರ ಜುಲೈನಲ್ಲಿ, ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಎನಿಸಿದ್ದ ಫುನಾಯ್ ಕೂಡ ತಯಾರಿಕೆ ನಿಲ್ಲಿಸಿತು. ಬಿಡಿಭಾಗಗಳು ಸಿಗುತ್ತಿಲ್ಲ ಎನ್ನುವುದು ಅದಕ್ಕೆ ಒಂದು ಕಾರಣವಾಗಿತ್ತು. ಅಂದರೆ ಈಗ ಓಡುತ್ತಿರುವ ವಿಸಿಆರ್‌ಗಳೆಲ್ಲ ಹಳೆಯವೇ. ಒಂದೊಂದೇ ಬೆಲ್ಟ್ ಹರಿದು, ರಬ್ಬರ್ ರೋಲರ್ ಗಟ್ಟಿಯಾಗಿ ನಿಂತುಹೋಗುತ್ತಿವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು: 2025ರೊಳಗೆ ಡಿಜಿಟಲ್ ಆಗದ ಟೇಪ್‌ಗಳಲ್ಲಿ ಹೆಚ್ಚಿನವು ಕೈತಪ್ಪಿಹೋಗಬಹುದು ಎಂದು. ಆ ಗಡುವು ಮುಗಿದಿದೆ. ನನ್ನ ಟೇಪ್‌ಗಳು ಇನ್ನೂ ಓಡಿದವು. ನಿಮ್ಮವೂ ಓಡಬಹುದು. ಇನ್ನೆಷ್ಟು ದಿನ ಎಂದು ಮಾತ್ರ ಯಾರೂ ಹೇಳಲಾರರು.

ಟೇಪ್ ಎಂದರೆ ತೆಳುವಾದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತದ ಪುಡಿಯನ್ನು ಒಂದು ಬಗೆಯ ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಗಾಳಿಯ ತೇವ ಆ ಅಂಟನ್ನು ನಿಧಾನವಾಗಿ ಕೆಡಿಸುತ್ತದೆ. ನನ್ನ ನಾಲ್ಕು ಟೇಪ್‌ಗಳಿಗೆ ಬೂಷ್ಟು ಬಂದಿತ್ತು. ಕ್ಯಾಸೆಟ್‌ನ ಗಾಜಿನಂಥ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ಬಿಳಿ ಪುಡಿ ಕಾಣುತ್ತದೆ. ಅಂಥದ್ದನ್ನು ಸುಮ್ನೆ ವಿಸಿಆರ್‌ಗೆ ತುರುಕಬೇಡಿ. ಬೂಷ್ಟು ಯಂತ್ರಕ್ಕೆ ಅಂಟಿಕೊಂಡು ಮುಂದಿನ ಟೇಪ್‌ಗೂ ಹರಡುತ್ತದೆ. ಆ ನಾಲ್ಕನ್ನು ಬೇರೆ ಚೀಲದಲ್ಲಿ ಹಾಕಿ ಕೊನೆಗೆ ಇಟ್ಟುಕೊಂಡೆ.

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಎಲೆಕ್ಟ್ರಾನಿಕ್ಸ್ ಓದಿದವಳಲ್ಲ. ಆದರೂ ಕಲಿತೆ. ಕಲಿಯಲು ಮೂರು ತಿಂಗಳು ಹಿಡಿಯಿತು, ಮಾಡಲು ಎಂಟು ತಿಂಗಳು. ಅದರಲ್ಲಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಕೊಂಡದ್ದು ಹೆಬ್ಬೆರಳು ಗಾತ್ರದ ಒಂದು ಯುಎಸ್‌ಬಿ ಕ್ಯಾಪ್ಚರ್ ಸಾಧನ. ವಿಸಿಆರ್‌ನ ಚಿತ್ರ, ಸದ್ದನ್ನು ಕಂಪ್ಯೂಟರಿಗೆ ಇಳಿಸುವ ಇಂಥದ್ದನ್ನು ಕ್ಯಾಪ್ಚರ್ ಕಾರ್ಡ್ ಎಂದೂ ಅನ್ನುತ್ತಾರೆ. ವಿಸಿಆರ್‌ನ ಹಳದಿ ವೈರ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಸದ್ದಿಗೆ. ಸಿಕ್ಕಿಸಿದೆ, ಚಿತ್ರ ಬಂತು, ಕುಣಿದಾಡುವಷ್ಟು ಖುಷಿಯಾಯಿತು. ಒಂದು ಗಂಟೆ ರೆಕಾರ್ಡ್ ಮಾಡಿ ನೋಡಿದರೆ ತಂಗಿಯ ಫೈಲ್‌ನ ಕಥೆಯೇ! ಮಾತು ಹಿಂದೆ, ತುಟಿ ಮುಂದೆ. ಒಂದು ಟೇಪ್‌ನಲ್ಲಂತೂ ಚಿತ್ರ ಪದೇ ಪದೇ ಕಪ್ಪಾಗಿ ನಿಂತುಬಿಡುತ್ತಿತ್ತು. ಸಿನಿಮಾ ಕ್ಯಾಸೆಟ್‌ಗಳನ್ನು ನಕಲು ಮಾಡದಂತೆ ತಡೆಯುವ ಒಂದು ಸಿಗ್ನಲ್ ಇರುತ್ತದೆ. ಮನೆಯ ಟೇಪ್ ಸವೆದು ಸಿಗ್ನಲ್ ಹದಗೆಟ್ಟರೆ ಕೆಲವು ಕಾರ್ಡ್‌ಗಳು ಅದನ್ನೇ ನಕಲು ತಡೆ ಎಂದುಕೊಂಡು ಕೆಲಸ ನಿಲ್ಲಿಸುತ್ತವೆ. ನಮ್ಮ ಮನೆಯ ವಿಡಿಯೊ ನಾವೇ ನೋಡಲು ಬಿಡದೆ ಇದ್ದರೆ ಹೇಗಾಗಬೇಡ, ಹೇಳಿ.

ಮಾತು ಹಿಂದೆ ಬೀಳುವುದು ಏಕೆಂದು ಅರ್ಥವಾಗಲು ನನಗೆ ಬಹಳ ದಿನ ಬೇಕಾಯಿತು. ನಮ್ಮ ದೇಶದ ಹಳೆಯ ಟಿವಿಗಳ ಪದ್ಧತಿಗೆ ಪಾಲ್ ಎಂದು ಹೆಸರು. ಆ ಪದ್ಧತಿಯ ವಿಎಚ್‌ಎಸ್‌ನಲ್ಲಿ ಸೆಕೆಂಡಿಗೆ 25 ಚಿತ್ರ. ಪ್ರತಿ ಚಿತ್ರದಲ್ಲಿ ಕಣ್ಣಿಗೆ ಕಾಣುವ 576 ಸಾಲು. ವಿಸಿಆರ್ ಒಳಗಿನ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಈ ಸಾಲುಗಳನ್ನು ಓದುತ್ತದೆ. ಮೂವತ್ತು ವರ್ಷದ ಟೇಪ್ ಅಲ್ಲಲ್ಲಿ ಹಿಗ್ಗಿರುತ್ತದೆ, ಸುಕ್ಕಾಗಿರುತ್ತದೆ. ಸಾಲುಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹಳೆಯ ಟಿವಿ ಅದನ್ನು ಹೇಗೋ ಸಹಿಸಿಕೊಳ್ಳುತ್ತಿತ್ತು. ಕ್ಯಾಪ್ಚರ್ ಕಾರ್ಡ್ ಸಹಿಸುವುದಿಲ್ಲ. ಲೆಕ್ಕ ತಪ್ಪಿದ ಚಿತ್ರವನ್ನು ಬಿಟ್ಟುಬಿಡುತ್ತದೆ. ಸದ್ದು ಮಾತ್ರ ತನ್ನ ಪಾಡಿಗೆ ಓಡುತ್ತದೆ. 25 ಚಿತ್ರ ಬಿಟ್ಟರೆ ಒಂದು ಸೆಕೆಂಡ್ ವ್ಯತ್ಯಾಸ. ಲೆಕ್ಕ ಇಷ್ಟೇ.

ಇದಕ್ಕೆ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಬೇಕು. ಅಂಕುಡೊಂಕಾಗಿ ಬರುವ ಸಾಲುಗಳನ್ನು ಹಿಡಿದು, ಸಾಲಾಗಿ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಮುಂದೆ ಕಳಿಸುವುದು ಅದರ ಕೆಲಸ. ಪ್ರಾರ್ಥನೆ ಹೊತ್ತಿನಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿದ ಹಾಗೆ. ಎಸ್-ವಿಎಚ್‌ಎಸ್ ಎಂಬ ಮೇಲ್ದರ್ಜೆಯ ವಿಎಚ್‌ಎಸ್‌ನ ಕೆಲವು ಒಳ್ಳೆಯ ವಿಸಿಆರ್‌ಗಳಲ್ಲಿ ಇದು ಒಳಗೇ ಇರುತ್ತದೆ. ಇಲ್ಲದಿದ್ದರೆ ಒಂದು ಉಪಾಯವಿದೆ. ಹಳೆಯ ಕೆಲವು ಡಿವಿಡಿ ರೆಕಾರ್ಡರ್‌ಗಳ ಒಳಗಿಂದ ಸಿಗ್ನಲ್ಲನ್ನು ಸುಮ್ನೆ ಹಾಯಿಸಿದರೂ ಚಿತ್ರ ಎಷ್ಟೋ ನೆಟ್ಟಗಾಗುತ್ತದೆ. ಡಿಸ್ಕ್ ಹಾಕುವುದೂ ಬೇಡ, ರೆಕಾರ್ಡ್ ಮಾಡುವುದೂ ಬೇಡ. ನನಗೆ ಎರಡೂ ಹಳೆಯ ಸಹೋದ್ಯೋಗಿಯೊಬ್ಬರ ಅಟ್ಟದಲ್ಲಿ ಸಿಕ್ಕವು. ಅವರ ಋಣ ದೊಡ್ಡದು.

ಎಸ್-ವಿಎಚ್‌ಎಸ್ ಯಂತ್ರದಿಂದ ಇನ್ನೊಂದು ಅನುಕೂಲ ಇದೆ. ಟೇಪ್‌ನಲ್ಲಿ ಬೆಳಕಿನ ಸಿಗ್ನಲ್ ಮತ್ತು ಬಣ್ಣದ ಸಿಗ್ನಲ್ ಬೇರೆ ಬೇರೆ ಇರುತ್ತವೆ. ಹಳದಿ ವೈರ್ ಎರಡನ್ನೂ ಬೆರೆಸಿ ಕಳಿಸುತ್ತದೆ, ಕಾರ್ಡ್ ಮತ್ತೆ ಬಿಡಿಸಬೇಕು. ಎರಡನ್ನೂ ಬೇರೆಯಾಗಿಯೇ ಕಳಿಸುವ ಎಸ್-ವಿಡಿಯೊ ವೈರ್ ಹಾಕಿದರೆ ಬೆರೆಸುವ ಮಾತೇ ಇಲ್ಲ. ಮಗನ ಪಟ್ಟೆ ಅಂಗಿಯ ಮೇಲೆ ಓಡಾಡುತ್ತಿದ್ದ ಕಾಮನಬಿಲ್ಲಿನ ಬಣ್ಣಗಳು ಅವತ್ತೇ ಮಾಯವಾದವು.

ಫೈಲ್ ಯಾವ ರೂಪದಲ್ಲಿ ಇರಬೇಕು ಎನ್ನುವುದನ್ನು ದಯವಿಟ್ಟು ಗಮನಿಸಿ. 720 ಚುಕ್ಕೆ ಅಡ್ಡ, 576 ಚುಕ್ಕೆ ಉದ್ದ, 8 ಬಿಟ್ ಚಿತ್ರವನ್ನು ಏನೂ ಹಿಂಡದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಎಂಬ ಕೊಡೆಕ್ (ಫೈಲನ್ನು ಚಿಕ್ಕದು ಮಾಡುವ ವಿಧಾನ) ಬಳಸಿದರೆ ಒಂದು ಚುಕ್ಕೆಯೂ ಹಾಳಾಗದೆ ನನಗೆ ಗಂಟೆಗೆ ಸುಮಾರು 30 ಜಿಬಿಯಲ್ಲಿ ಮುಗಿಯಿತು. ಒಟ್ಟು 71 ಗಂಟೆ, 2.1 ಟಿಬಿ. ಎರಡು ಹಾರ್ಡ್ ಡಿಸ್ಕ್‌ನಲ್ಲಿ ಎರಡು ಪ್ರತಿ ಮಾಡಿ, ಒಂದನ್ನು ಮಗಳ ಮನೆಯಲ್ಲಿ ಇಟ್ಟಿದ್ದೇನೆ. ಫೋನಿನಲ್ಲಿ ನೋಡಲು ಚಿಕ್ಕ ಫೈಲ್ ಬೇಕು, ನಿಜ. ಅದನ್ನು ಈ ದೊಡ್ಡದರಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಚಿಕ್ಕದರಿಂದ ದೊಡ್ಡದು ಬರುವುದಿಲ್ಲ, ಅಲ್ವಾ?

ಪ್ರತಿ ಚಿತ್ರವೂ ನಿಜವಾಗಿ ಎರಡು ಅರ್ಧ ಚಿತ್ರಗಳು. ಒಂದರಲ್ಲಿ ಬೆಸ ಸಾಲು, ಇನ್ನೊಂದರಲ್ಲಿ ಸಮ ಸಾಲು. ಸೆಕೆಂಡಿಗೆ 50 ಅರ್ಧಗಳು. ಎರಡನ್ನೂ ಹಾಗೇ ಅಂಟಿಸಿದರೆ ಓಡುವ ಮಗುವಿನ ಕೈಕಾಲಿನ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಮೂಲ ಫೈಲ್‌ನಲ್ಲಿ ಅದನ್ನು ಹಾಗೇ ಬಿಡಬೇಕು. ನೋಡುವ ಪ್ರತಿ ಮಾಡುವಾಗ ಬಿಡಿಸಿ, ಸೆಕೆಂಡಿಗೆ 50 ಚಿತ್ರ ಮಾಡಬೇಕು. ಓಟ ನುಣುಪಾಗಿ, ಅವತ್ತು ಟಿವಿಯಲ್ಲಿ ನೋಡಿದಂತೆಯೇ ಬರುತ್ತದೆ. ಇನ್ನು ಚಿತ್ರದ ಕೆಳ ಅಂಚಿನಲ್ಲಿ ಹರಿದಂತೆ ಕಾಣುವ ಕೆಲವು ಗೆರೆ ನೋಡಿ ಗಾಬರಿಯಾಗಬೇಡಿ. ಡ್ರಮ್ಮಿನಲ್ಲಿ ಟೇಪ್ ಓದುವ ಪುಟ್ಟ ತುದಿಗೆ ಹೆಡ್ ಎನ್ನುತ್ತಾರೆ. ಓದುವ ಕೆಲಸ ಒಂದು ಹೆಡ್‌ನಿಂದ ಇನ್ನೊಂದಕ್ಕೆ ದಾಟುವ ಜಾಗ ಅದು. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು, ಅಷ್ಟೇ.

ಸದ್ದಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆಡಿಯೊ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ವಿಎಚ್‌ಎಸ್ ಟೇಪ್ ಓಡುವುದು 2.34 ಮಾತ್ರ. ಟೇಪ್‌ನ ಅಂಚಿನಲ್ಲಿರುವ ಸಣ್ಣ ಜಾಗದಲ್ಲಿ, ಅಷ್ಟು ನಿಧಾನದಲ್ಲಿ, ಆ ಸದ್ದು ಬರೆದಿರುತ್ತದೆ. ಹಾಗಾಗಿ ಮೊದಲೇ ಮಂಕು. ಎರಡರಷ್ಟು ಹೊತ್ತು ಬರಲಿ ಎಂದು ಲಾಂಗ್ ಪ್ಲೇಯಲ್ಲಿ ತೆಗೆದಿದ್ದರೆ ಇನ್ನೂ ಮಂಕು. ಅದನ್ನು ಮೊದಲ ಸಲವೇ ‘ಶುದ್ಧ’ ಮಾಡಲು ಹೋಗಬೇಡಿ. ಗೊರಗೊರ ತೆಗೆಯುವಾಗ ಪಿಸುಮಾತೂ ಹೋಗುತ್ತದೆ. ಇದ್ದದ್ದು ಇದ್ದ ಹಾಗೆ ಬರಲಿ. 17ನೇ ಟೇಪ್‌ನಲ್ಲಿ ಕ್ಯಾಮೆರಾ ಮೇಜಿನ ಮೇಲಿದೆ, ಆರಿಸಲು ಮರೆತಿದ್ದಾರೆ. ಹನ್ನೊಂದು ನಿಮಿಷ ಬರೀ ಗೋಡೆ. ಹಿಂದೆ ಅವರು ಮಗನಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾರೆ. ಗಣಿತದ ಟೀಚರ್ ನಾನು, ನನಗೆ ಗೊತ್ತಾಗದಂತೆ ಪಕ್ಕದ ಕೋಣೆಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ‘ಏನೂ ಇಲ್ಲ’ ಎಂದು ಆ ಭಾಗ ಕತ್ತರಿಸಿಬಿಡುತ್ತಿದ್ದರು. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮನೆಯಲ್ಲೇ ಮಾಡುವವರಿಗೆ ಇನ್ನೆರಡು ಮಾತು. ಕ್ಯಾಸೆಟ್‌ನ ಬೆನ್ನಿನಲ್ಲಿ ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ, ಅದು ಇದ್ದರೆ ಮಾತ್ರ ರೆಕಾರ್ಡ್ ಆಗುತ್ತದೆ. ವಿಸಿಆರ್‌ಗೆ ಹಾಕುವ ಮೊದಲೇ ಅದನ್ನು ಮುರಿದುಬಿಡಿ. ಬೇರೆ ಗುಂಡಿ ಒತ್ತಿ ಹಳೆಯದರ ಮೇಲೆ ಹೊಸದು ಬರೆದರೆ ಮುಗಿಯಿತು. ಆಮೇಲೆ ಟೇಪನ್ನು ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದದ್ದು ಸಡಿಲವಾಗುತ್ತದೆ. ಹೆಡ್ ಒರೆಸಲು ಹತ್ತಿಕಡ್ಡಿ ಬಳಸಬೇಡಿ, ಎಳೆ ಸಿಕ್ಕಿಕೊಂಡು ಹೆಡ್ ಮುರಿಯಬಹುದು. ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಅಲ್ಲಾಡದಂತೆ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಲೇಬಾರದು.

ನಮ್ಮ ಕೊನೆಯ ಆರು ಟೇಪ್‌ಗಳು ಮಿನಿ ಡಿವಿ ಎಂಬ ಪುಟ್ಟ ಕ್ಯಾಸೆಟ್‌ಗಳು. ಅವಕ್ಕೆ ಕ್ಯಾಪ್ಚರ್ ಕಾರ್ಡೇ ಬೇಡ. ಅದರೊಳಗೆ ಇರುವುದೇ ಡಿಜಿಟಲ್. ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೈರ್‌ವೈರ್ ಎಂಬ ಕೇಬಲ್ ಹಾಕಿದರೆ ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದು ಇದ್ದ ಹಾಗೆ ಇಳಿಯುತ್ತದೆ. ಅದನ್ನೂ ಹಳದಿ ವೈರ್‌ನಲ್ಲಿ ತೆಗೆದುಕೊಡುವವರಿದ್ದಾರೆ. ಕೊಡುವ ಮೊದಲು ಕೇಳಿ.

ಈ ಕೆಲಸ ಮಾಡಿಕೊಡುವವರಿಗೂ ಒಂದು ಮನವಿ. ಹಿಂಡದ ಮೂಲ ಫೈಲ್ ಕೊಡಿ. ಸದ್ದು ಮುಟ್ಟಬೇಡಿ. ಎಷ್ಟು ಚಿತ್ರ ಬಿಟ್ಟುಹೋಗಿವೆ ಎಂದು ಕ್ಯಾಪ್ಚರ್ ತಂತ್ರಾಂಶವೇ ತೋರಿಸುತ್ತದೆ, ಆ ಸಂಖ್ಯೆಯನ್ನು ಬರೆದುಕೊಡಿ.

ಸಾರ್ವಜನಿಕ ಗ್ರಂಥಾಲಯಗಳನ್ನು ನಡೆಸುವವರು ಇದನ್ನು ಓದಿದರೆ, ನನ್ನದೊಂದು ಆಸೆ ಕೇಳಿ. ಒಂದು ಮೂಲೆಯಲ್ಲಿ ಓಡುವ ವಿಸಿಆರ್, ಒಂದು ಟೈಮ್ ಬೇಸ್ ಕರೆಕ್ಟರ್, ಒಂದು ಒಳ್ಳೆಯ ಕ್ಯಾಪ್ಚರ್ ಕಾರ್ಡ್ ಇಟ್ಟರೆ ಸಾಕು. ಜನ ತಮ್ಮ ಟೇಪ್ ತಂದು ತಾವೇ ಕೂತು ಮಾಡಿಕೊಳ್ಳುತ್ತಾರೆ. ಎರಡು ಗಂಟೆಯ ಟೇಪ್‌ಗೆ ಎರಡು ಗಂಟೆ ಬೇಕೇ ಬೇಕು, ಅವಸರ ಮಾಡುವ ದಾರಿಯಿಲ್ಲ. ಮೊದಲ ಆರು ತಿಂಗಳು ವಾರಕ್ಕೆ ಎರಡು ದಿನ ಬಂದು ಕಲಿಸಲು ನಾನು ಸಿದ್ಧಳಿದ್ದೇನೆ. ನನ್ನ ಯಂತ್ರವನ್ನೂ ಕೊಡುತ್ತೇನೆ. ಅಟ್ಟದಲ್ಲಿ ವಿಸಿಆರ್ ಇರುವವರು ಗುಜರಿಗೆ ಹಾಕುವ ಮೊದಲು ಯಾರಿಗಾದರೂ ಬೇಕೇ ಎಂದು ಕೇಳಿ. ನಿಂತುಹೋದದ್ದಾದರೂ ಸರಿ, ಬಿಡಿಭಾಗಕ್ಕೆ ಬರುತ್ತದೆ.

43ರಲ್ಲಿ 42 ಟೇಪ್ ಮುಗಿದಿವೆ. ಬೂಷ್ಟು ಬಂದ ನಾಲ್ಕನ್ನೂ ತಿಳಿದವರ ನೆರವಿನಿಂದ ಉಳಿಸಿಕೊಂಡೆ. ಉಳಿದಿರುವ ಒಂದು, ನನ್ನವರ ಅಣ್ಣನ ಕ್ಯಾಮೆರಾದಲ್ಲಿ ತೆಗೆದದ್ದು. ಅದು ಬೀಟಾಮ್ಯಾಕ್ಸ್, ಸೋನಿಯವರ ಪದ್ಧತಿ, ನನ್ನ ಯಂತ್ರದೊಳಗೆ ಹೋಗುವುದೇ ಇಲ್ಲ. ಡಬ್ಬಿಯ ಮೇಲೆ ಅವರ ಕೈಬರಹದಲ್ಲಿ ‘ಅಮ್ಮ, ಹಿತ್ತಲು’ ಎಂದಿದೆ. ಕ್ಯಾಮೆರಾ ಅವತ್ತು ಅಣ್ಣನ ಕೈಯಲ್ಲಿ ಇತ್ತೆಂದರೆ ನನ್ನವರು ಚಿತ್ರದಲ್ಲಿ ಇರಲೂಬಹುದು. ಪಾಲ್ ಪದ್ಧತಿಯ, ಓಡುವ ಬೀಟಾಮ್ಯಾಕ್ಸ್ ಯಂತ್ರ ಓದುಗರಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ. ಟೇಪ್ ಹಿಡಿದುಕೊಂಡು ನಾನೇ ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ