ನವೆಂಬರ್‌ನಿಂದ ಎಲ್ಲ ಗಿಡಕ್ಕೂ ಔಷಧಿ ಹೊಡೆಯುವುದಿಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಇಷ್ಟು ದಿನ ತಿಂಗಳಿಗೊಮ್ಮೆ ನಿಮ್ಮ ಬಾಲ್ಕನಿಗೋ ಟೆರೇಸಿಗೋ ಬಂದು, ರೋಗ ಇರಲಿ ಬಿಡಲಿ, ಎಲ್ಲ ಗಿಡಕ್ಕೂ ಬೂದಿ ರೋಗದ (ಎಲೆ ಮೇಲೆ ಬಿಳಿ ಪುಡಿಯಂತೆ ಹಬ್ಬುವ ಶಿಲೀಂಧ್ರದ) ಔಷಧಿ ಹೊಡೆದು ಹೋಗುತ್ತಿದ್ದೆವು. ನವೆಂಬರ್ 1ರಿಂದ ಹಾಗಿಲ್ಲ. ಫೆಬ್ರವರಿ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ ಬರುತ್ತೇವೆ. ಎಲೆ ಮಗುಚಿ ನೋಡುತ್ತೇವೆ. ಬೇಕಾದ ಗಿಡಕ್ಕೆ ಮಾತ್ರ ಔಷಧಿ. ದುಡ್ಡು ಮೊದಲಿನಷ್ಟೇ.

ಕಾರಣ ಹೇಳಬೇಕಲ್ವಾ? ಮೊದಲು ನಮ್ಮ ತಪ್ಪು. ಹೋದ ಜನವರಿಯಲ್ಲಿ ಪುಣೆಯ ಕೋಥ್ರೂಡಿನ ಒಂದು ಮನೆಯ ಗುಲಾಬಿಗಳಿಗೆ ಬೂದಿ ರೋಗದ ಔಷಧಿಯಾದ ಗಂಧಕ ಹೊಡೆದೆವು. ನಾಲ್ಕು ದಿನ ಮುಂಚೆ ಆ ಮನೆಯ ಅಜ್ಜಿ ಬೇವಿನ ಎಣ್ಣೆ ಸಿಂಪಡಿಸಿದ್ದರು. ನಾವು ಕೇಳಲಿಲ್ಲ. ಎಣ್ಣೆಯ ಮೇಲೆ ಗಂಧಕ ಬಿದ್ದರೆ ಎಲೆ ಸುಡುತ್ತದೆ, ನಡುವೆ ಎರಡು ವಾರವಾದರೂ ಬಿಡಬೇಕು. ಹನ್ನೊಂದು ಗಿಡಗಳ ಎಲೆ ಕಂದಾಗಿ ಉದುರಿದವು. ಅಜ್ಜಿ ಬೈಯಲಿಲ್ಲ, ಕೂರಿಸಿ ಚಹಾ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಇನ್ನೊಂದು, ಕ್ಯಾಲೆಂಡರ್ ನೋಡಿಕೊಂಡು ಒಂದೇ ಔಷಧಿ ಹೊಡೆಯುತ್ತಾ ಹೋದರೆ, ಎಷ್ಟೋ ಔಷಧಿಗಳಿಗೆ ಶಿಲೀಂಧ್ರ ಒಗ್ಗಿಕೊಳ್ಳುತ್ತದೆ. ಆಮೇಲೆ ನಿಜವಾಗಿ ಬೇಕಾದಾಗ ಆ ಔಷಧಿ ಕೆಲಸ ಮಾಡುವುದಿಲ್ಲ.

ಬೂದಿ ರೋಗದ ಸ್ವಭಾವವೇ ಬೇರೆ. ಗುಲಾಬಿಯ ಕಪ್ಪು ಚುಕ್ಕೆ ರೋಗ ಹತ್ತಲು ಎಲೆ ಒದ್ದೆ ಇರಬೇಕು. ಬೂದಿಗೆ ಅದು ಬೇಡ. ಹಗಲು ಒಣ ಬಿಸಿಲು, ರಾತ್ರಿ ತಂಪು, ಗಾಳಿಯಲ್ಲಿ ಒಂದಿಷ್ಟು ತೇವ ಇದ್ದರೆ ಸಾಕು. ನಾವೆಲ್ಲ ಊರಿಗೆ ಫೋನ್ ಮಾಡಿ ಹೊಗಳುವ ಪುಣೆಯ ಚಳಿಗಾಲ ಅಂದರೆ ಇದೇ ತಾನೇ! ಸಾಲದ್ದಕ್ಕೆ, ಅಕ್ಟೋಬರಿನಲ್ಲಿ ಗುಲಾಬಿ ಗಿಡದ ಕೊಂಬೆ ಕತ್ತರಿಸಿರುತ್ತೇವೆ. ನವೆಂಬರಿಗೆ ಎಳೆ ಚಿಗುರು ಬಂದಿರುತ್ತದೆ. ಬೂದಿ ಮೊದಲು ಹಿಡಿಯುವುದು ಅದನ್ನೇ. ಚಿಗುರು ಮುದುಡುತ್ತದೆ, ಮೊಗ್ಗಿನ ತೊಟ್ಟಿನವರೆಗೂ ವಿಭೂತಿ ಎರಚಿದ ಹಾಗೆ ಕಾಣುತ್ತದೆ.

ಬಿಳಿ ಕಂಡ ಕೂಡಲೇ ಗಾಬರಿ ಬೇಡ. ಬೆರಳಿನಿಂದ ಒರೆಸಿ ನೋಡಿ. ಬೂದಿಯಾದರೆ ಪುಡಿ ಬೆರಳಿಗೆ ಬರುತ್ತದೆ, ಕೆಲವೇ ದಿನದಲ್ಲಿ ಮತ್ತೆ ಮೂಡುತ್ತದೆ. ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ಟ್ಯಾಂಕರ್ ನೀರಿನ ಉಪ್ಪಿನ ಕಲೆ ಇರಬಹುದು. ಹಾಗೆಯೇ, ಮೂರನೇ ಮಹಡಿಯ ಗುಲಾಬಿಯಿಂದ ಸೊಸೈಟಿಯ ಮಾವಿನ ಹೂವಿಗೆ ರೋಗ ಬಂತು ಎಂದು ಯಾರೂ ಜಗಳ ಆಡಬೇಡಿ. ಎರಡೂ ಬೇರೆ ಬೇರೆ ಜಾತಿಯ ಶಿಲೀಂಧ್ರ. ಇದರದ್ದು ಅದಕ್ಕೆ ಹತ್ತುವುದಿಲ್ಲ.

ಇನ್ನು ಮುಂದೆ ಮೊದಲ ಕೆಲಸ ಕತ್ತರಿಯದು. ರೋಗದ ಚಿಗುರು ಕತ್ತರಿಸಿ ಚೀಲಕ್ಕೆ ತುಂಬಿ ಒಯ್ಯುತ್ತೇವೆ. ಒತ್ತೊತ್ತಾಗಿಟ್ಟ ಕುಂಡಗಳನ್ನು ಗಾಳಿ ಆಡುವಂತೆ ದೂರ ಸರಿಸುತ್ತೇವೆ. (ಕುಂಡಕ್ಕೆ ಮರಾಠಿಯಲ್ಲಿ ಏನಂತಾರೆ ಎಂದು ಇಲ್ಲಿ ಬರೆಯುವುದಿಲ್ಲ, ಕನ್ನಡದಲ್ಲಿ ಆ ಪದದ ಅರ್ಥವೇ ಬೇರೆ. ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗರು ಇನ್ನೂ ನಗುತ್ತಿದ್ದಾರೆ.) ಚಳಿ ಮುಗಿಯುವವರೆಗೆ ಯೂರಿಯಾ ಬಂದ್. ಅದರಿಂದ ಬರುವ ಮೆತ್ತನೆ ಚಿಗುರು ರೋಗಕ್ಕೆ ಊಟ ಬಡಿಸಿದ ಹಾಗೆ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ 80 ಪರ್ಸೆಂಟ್ ಗಂಧಕದ ಪುಡಿ, ಲೀಟರ್ ನೀರಿಗೆ 2 ಗ್ರಾಂ. ಬಿಸಿಲು ಏರಿದ ಮೇಲೆ ಹೊಡೆದರೆ, ಎಣ್ಣೆ ಇಲ್ಲದಿದ್ದರೂ ಗಂಧಕ ಎಲೆ ಸುಡುತ್ತದೆ. ಅದಕ್ಕೇ ಬೆಳಿಗ್ಗೆ ಒಂಬತ್ತರ ಒಳಗೆ ಬರುತ್ತೇವೆ. ಭಾನುವಾರದ ನಿದ್ದೆ ಕೆಡಿಸಿದರೆ ಕ್ಷಮಿಸಿ.

ನೀವೇ ಏನಾದರೂ ಮಾಡಬೇಕೆಂದರೆ, ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ಬಿಸಿಲು ಬೀಳುವ ಗಿಡಕ್ಕೆ ವಾರಕ್ಕೊಮ್ಮೆ ಸಿಂಪಡಿಸಿ. ರೋಗ ಜೋರಾಗುವ ಮುಂಚೆ ಒಳ್ಳೆಯದು, ಪೂರ್ತಿ ಹಬ್ಬಿದ ಮೇಲೆ ಸುಮ್ನೆ ಹಾಲು ದಂಡ. ಅಂಗಡಿಯಲ್ಲಿ ಔಷಧಿ ಕೇಳುವಾಗ ‘ಭುರಿ’ ಎನ್ನಿ, ಇಲ್ಲಿನವರಿಗೆ ಬೂದಿ ರೋಗ ಹಾಗೆಂದರೇ ಗೊತ್ತು.

ಒಂದೇ ಕೋರಿಕೆ. ಬೇವಿನ ಎಣ್ಣೆ ಹೊಡೆದಿದ್ದರೆ, ಯಾವ ದಿನ ಹೊಡೆದಿರಿ ಎಂದು ನಮ್ಮ ಹುಡುಗ ಬಾಗಿಲಿಗೆ ಬಂದಾಗಲೇ ಹೇಳಿಬಿಡಿ. ಅವನೂ ಕೇಳುತ್ತಾನೆ. ಕೇಳದಿದ್ದರೆ ನಮಗೆ ಫೋನ್ ಮಾಡಿ.

ಇಂತಿ,
ಹಡಪ್ಸರದ ನಿಮ್ಮ ನರ್ಸರಿಯವರು