ಸಾಹೇಬರಿಗಾಗಿ ಇಳಿತ ಕಾಯುತ್ತದೆಯೇ?

ಮಾನ್ಯ ಸಂಪಾದಕರೇ,

ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟ ಸುದ್ದಿಯನ್ನು ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೊ ಚೆನ್ನಾಗಿ ಬಂದಿದೆ. ಎಡತುದಿಯಲ್ಲಿ ಅರ್ಧ ಕಾಣುವ ಮೊಣಕೈ ನನ್ನದು.

ಭಾನುವಾರ ಬೆಳಿಗ್ಗೆ 7ಕ್ಕೇ ಬನ್ನಿ ಅಂದಿದ್ದರು. ಅಂಗಡಿ ಬಾಗಿಲು ಹಾಕಿ ಹೋದೆ. ನಾವು ಊರಿನ ಹದಿನಾಲ್ಕು ಜನ. ಹಿಂದಿನ ವಾರವೆಲ್ಲ ಮಳೆಯಲ್ಲಿ ತೊಯ್ದು ಕೋಡು ಆರಿಸಿದವರೂ ನಾವೇ. ಕಾಂಡ್ಲಾ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ಜೋತು ಬೀಳುತ್ತದೆ, ಅದೇ ಕೋಡು. ಅದನ್ನು ಕೆಸರಿಗೆ ಚುಚ್ಚಿದರೆ ಆಯಿತು. ಅದಕ್ಕೆ ಮುಖ್ಯ ಅತಿಥಿ ಬೇಕಿಲ್ಲ, ಇಳಿತ ಬೇಕು.

ಆವತ್ತು ಇಳಿತ ಇದ್ದದ್ದು ಎಂಟರ ಹೊತ್ತಿಗೆ. ಮುಖ್ಯ ಅತಿಥಿ ಸಾಹೇಬರು ಬರುವ ತನಕ ಯಾರೂ ಕೆಸರಿಗೆ ಇಳಿಯುವ ಹಾಗಿಲ್ಲವಂತೆ. ಕಾರು ಬಂದದ್ದು 11.30ಕ್ಕೆ. ಅಷ್ಟೊತ್ತಿಗೆ ನೀರು ಮೊಣಕಾಲಿಗೆ! ಭರತ ದಿನಕ್ಕೆ ಸುಮಾರು 50 ನಿಮಿಷ ತಡ ಮಾಡುತ್ತದೆ, ಆ ಲೆಕ್ಕ ನಮ್ಮೂರ ಮಕ್ಕಳಿಗೂ ಗೊತ್ತು. ಸಾಹೇಬರ ತಡದ ಲೆಕ್ಕ ಯಾವ ಪಂಚಾಂಗದಲ್ಲೂ ಇಲ್ಲ. ಬೂಟು ಒದ್ದೆಯಾಗುತ್ತದೆಂದು ಉಪ್ಪುನೀರೇ ಮುಟ್ಟದ ದಂಡೆಯ ಮೇಲೆ ನರ್ಸರಿಯ ಹತ್ತು ಗಿಡ ನೆಟ್ಟರು. ಪ್ಲಾಸ್ಟಿಕ್ ಕೊಟ್ಟೆ ಸಮೇತ. ನಮ್ಮ ಕೋಡುಗಳನ್ನು ನಾವು ನೀರಲ್ಲಿ ತಡಕಾಡಿ ಊರಿದೆವು. ಮಾರನೇ ದಿನ ಹೋಗಿ ನೋಡಿದರೆ ಅರ್ಧಕ್ಕರ್ಧ ತೇಲುತ್ತಿದ್ದವು. ನಿಮ್ಮ ವರದಿಯಲ್ಲಿ ಮಾತ್ರ ‘ಸಾವಿರ ಗಿಡ’.

ನನ್ನ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಅಂಗಾಲಿಗೆ ಚಿಪ್ಪು ಕೊಯ್ದು ಟಿಟಿ ಇಂಜೆಕ್ಷನ್ ಆಯಿತು. ಭಾನುವಾರದ ವ್ಯಾಪಾರ ಹೋಯಿತು. ಅತಿಥಿಗಳಿಗೆ ಬಿಸಿ ಬಜೆ, ಚಹಾ. ನಮಗೆ ಭಾಷಣ. ಚಂಡಮಾರುತವನ್ನು ಕಾಂಡ್ಲಾ ತಡೆಯುತ್ತದೆ ಅಂತ ನಮಗೇ ಪಾಠ! 2021ರ ತೌಕ್ತೆ ಬಂದಾಗ ನಮ್ಮ ಗಜನಿ (ಉಪ್ಪುನೀರಿನ ಗದ್ದೆ) ಒಡ್ಡು ಕಾಂಡ್ಲಾ ಇದ್ದ ಕಡೆ ನಿಂತಿತ್ತು, ಬೋಳು ಇದ್ದ ಕಡೆ ಕುಸಿದಿತ್ತು. ಆಗ ಈ ಸಾಹೇಬರು ಎಲ್ಲಿದ್ದರು?

ಅದೇ ಒಡ್ಡಿನ ಜಂತ್ರಡಿ (ನೀರಿನ ತೂಬು) ಬಾಗಿಲು ಮುರಿದಿದೆ ಎಂದು ಕೊಟ್ಟ ಅರ್ಜಿಗಳು ಯಾವ ಕಪಾಟಿನಲ್ಲಿವೆಯೋ. ಕಗ್ಗ ಭತ್ತ ಉಪ್ಪು ತಡೆದೀತು, ಕಚೇರಿಯ ‘ನಾಳೆ ಬನ್ನಿ’ಯನ್ನು ನಾವು ಎಷ್ಟು ವರ್ಷ ತಡೆಯಬೇಕು? 2024ರಲ್ಲಿ ಅಘನಾಶಿನಿ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದಾಗ ಅಭಿನಂದನೆಯ ಬ್ಯಾನರ್ ಕಟ್ಟಿದ್ದರು. ಅದು ಹರಿದು ಈಗ ಕಾಂಡ್ಲಾ ಬೇರಿಗೇ ಸಿಕ್ಕಿಕೊಂಡಿದೆ. ದಾರಿಗೆ ಬೀದಿದೀಪ ಇವತ್ತಿಗೂ ಇಲ್ಲ.

ಮುಂದಿನ ಸಲ ಇಳಿತದ ಹೊತ್ತು ನೋಡಿ ಕಾರ್ಯಕ್ರಮ ಇಡಲಿ. ಇಲ್ಲವೇ ಕಾರ್ಯಕ್ರಮವೇ ಬೇಡ, ಸುಮ್ನೆ ದೂರ ನಿಲ್ಲಲಿ, ನಾವು ನೆಟ್ಟುಕೊಳ್ಳುತ್ತೇವೆ. ಜಂತ್ರಡಿಯನ್ನೂ ನೋಡಲಿ. ದಂಡೆಯ ಮೇಲಿನ ಆ ಹತ್ತು ಪ್ಲಾಸ್ಟಿಕ್ ಕೊಟ್ಟೆಗಳನ್ನು ಯಾರಾದರೂ ಬಂದು ಬಿಚ್ಚಲಿ. ಅಥವಾ ಅದಕ್ಕೂ ಮುಖ್ಯ ಅತಿಥಿಯೇ ಬರಬೇಕಾ?

– ಮೊಣಕೈ ಮಾತ್ರ ಕಂಡ ಓದುಗ, ಕುಮಟಾ ತಾಲೂಕು